ಯಂತ್ರ ಕಲಿತ ಕೊಸರು

“ಕುಂದರ್ರಿ ವೈನಿ! ಒಂದ ತಾಸಿನ್ಯಾಗ ಒಂದ ವರ್ಷದ ಬೇಸಾಯ, ವ್ಯಾಪಾರ ಎಲ್ಲಾ ಕಲಸ್ತೈತಿ!”

ಕಲ್ಲವ್ವನ ಮೈದುನ ಫಕೀರಪ್ಪ ಎದೆಯುಬ್ಬಿಸಿ ನಿಂತಿದ್ದ. ಹಳೆಯ ಟಿವಿ, ಔಷಧಿ ಹೊಡೆಯುವ ಪಂಪು, ಮೇಜಿನ ಫ್ಯಾನು ಕೂಡಿಸಿ ಅವನು ಕಟ್ಟಿದ ಆಟದ ಯಂತ್ರವನ್ನು ತರಕಾರಿ ಬೆಳೆಗಾರರ ಸಂಘ ಒಪ್ಪಿಕೊಂಡಿತ್ತು. ಆಟದಲ್ಲಿ ಮೊದಲು ಪಾಸಾದವರಿಗೆ ಬಸ್ ನಿಲ್ದಾಣದ ಪಕ್ಕದ ಹೊಸ ಮಳಿಗೆ! ಏಳು ವರ್ಷ ಬಿಸಿಲಲ್ಲಿ ಬುಟ್ಟಿಯಿಟ್ಟು ಬದನೆಕಾಯಿ ಮಾರಿದ ಕಲ್ಲವ್ವನಿಗೆ ಆ ನೆರಳು ಬೇಕೇ ಬೇಕಿತ್ತು. ಫಕೀರಪ್ಪನಿಗೂ ಅದರ ಮೇಲೆ ಕಣ್ಣಿತ್ತು. ಆದರೆ ಪಾಪ, ತನ್ನದೇ ಯಂತ್ರದಲ್ಲಿ ಹನ್ನೊಂದು ಸಲ ಫೇಲಾಗಿದ್ದ.

ಕಲ್ಲವ್ವ ಗುಂಡಿ ಒತ್ತಿದಳು. ಪರದೆಯಲ್ಲಿ ಸಸಿಗಳೆದ್ದವು. ಪಂಪು ಅವಳ ತಲೆಯ ಮೇಲೆ ಮಳೆ ಸುರಿಸಿತು, ಫ್ಯಾನು ಒಣಗಿಸಿತು. ಹತ್ತು ನಿಮಿಷದಲ್ಲಿ ಕಾಯಿಯೂ ಬಂತು, ಗಿರಾಕಿಯೂ ಬಂದ. ಅವಳು ಒಂದು ಕಿಲೋ ತೂಗಿ, ಮೇಲೆರಡು ಕಾಯಿ ಹಾಕಿದಳು.

“ತಪ್ಪು! ತೂಕ ಮುಗಿದಿದೆ! ಇನ್ನೊಂದು ತಪ್ಪಾದರೆ ಫೇಲು!” ಯಂತ್ರ ಕಿರುಚಿತು.

“ಕೊಸರ ಹಾಕದಿದ್ರ ನಾಳೆ ಯಾರ ಬರ್ತಾರೋ?”

“ನನ್ನ ಲೆಕ್ಕದಾಗ ಕೊಸರ ಇಲ್ರಿ ವೈನಿ! ಕೈ ಬಿಗಿ ಹಿಡೀರಿ!”

ಎಷ್ಟು ಹಿಡಿದರೂ ಕೈ ಕೇಳಬೇಕಲ್ಲ! ಮುಂದಿನ ಗಿರಾಕಿಗೂ ಎರಡು ಬಿದ್ದೇಬಿಟ್ಟವು. ಮಳಿಗೆ ಹೋಯಿತೆಂದು ಕಲ್ಲವ್ವ ಕಣ್ಣು ಮುಚ್ಚಿದಳು. ತೆರೆದಾಗ ಪರದೆಯ ಊರಿಗೆ ಊರೇ ಅವಳ ಬುಟ್ಟಿಯ ಮುಂದೆ ಸಾಲು ನಿಂತಿತ್ತು! ಯಂತ್ರ ಬಹಳ ಹೊತ್ತು ಗರಗರ ಎಂದು, ಕೊನೆಗೆ, “ಕೊಸರು ಕಲಿತೆ,” ಎಂದಿತು.

ಆಮೇಲಿನದು ಇಬ್ಬರಿಗೂ ತಿಳಿಯಲಿಲ್ಲ. ಮಳೆ ನಿಂತಿತು, ನಿಂತ ಮೇಲೆ ಇನ್ನೆರಡು ಚೊಂಬು ಸುರಿಯಿತು. ಪರದೆಯಲ್ಲಿ ಡಿಸೆಂಬರ್ ಮುಗಿಯಿತು, ಮುಗಿದ ಮೇಲೆ ಮೂವತ್ತೆರಡು, ಮೂವತ್ತಮೂರನೇ ತಾರೀಕೂ ಬಂದವು!

“ಫಕೀರಪ್ಪ, ಇದು ಹೋದ ವರ್ಷನೋ, ಬರೋ ವರ್ಷನೋ?”

“ನಡುವಿಂದು ಕಾಣ್ತೈತ್ರಿ ವೈನಿ!” ಅವನು ಗಾಬರಿಯಿಂದ ವೈರು ಕಿತ್ತ. ಯಂತ್ರ ಆರಿತು. ಉಸ್ಸೆಂದು ಕೂತರೆ, ವೈರಿಲ್ಲದೆಯೇ ಮತ್ತೆ ಹೊತ್ತಿಕೊಂಡು ಐದು ನಿಮಿಷ ಹೆಚ್ಚಿಗೆ ನಡೆಯಿತು!

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಸುವರ್ಣಾ ಮೇಡಂ ಬೀಗದಕೈ ಹಿಡಿದು ಬಂದರು. “ಪಾಸಾದವರು ಯಾರ್ರೀ?”

ಯಂತ್ರ ಚೀಟಿಯೊಂದನ್ನು ಉಗುಳಿತು. “ಕಲ್ಲವ್ವ, ಪಾಸು,” ಎಂದು ಮೇಡಂ ಓದಿದರು. ಕಲ್ಲವ್ವ ಒದ್ದೆ ಸೆರಗಲ್ಲೇ ಕಣ್ಣೊರೆಸಿಕೊಂಡಳು. ಯಂತ್ರ ಕೆಮ್ಮಿತು, ಬೆರಳುದ್ದದ ಇನ್ನೊಂದು ಚೀಟಿ ಬಂತು: “ಫಕೀರಪ್ಪ, ಪಾಸು.”

ಅವನು ಕುಣಿದೇಬಿಟ್ಟ. “ನೋಡಿದ್ರೇನ್ರಿ ವೈನಿ! ಕಡೀಕೂ ನನ್ನ ಬುದ್ಧಿ ತೂಗಿ ಪಾಸ್ ಮಾಡ್ತು!”

ಕಲ್ಲವ್ವ ಮೇಡಂ ಕೊಟ್ಟ ಮಳಿಗೆಯ ಬೀಗದಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ನಿನ್ನ ತೂಗಿಲ್ಲೋ ತಮ್ಮಾ. ನೀ ಕೊಸರಿನ್ಯಾಗ ಬಂದೀ.”