ನನ್ನ ರೇಡಿಯೋ ಅಂಗಡಿಯ ಕಾನೂನು ಪಂಡಿತರು

ರೇಡಿಯೋ ರಿಪೇರಿಗೆ ತಂದವರು ಅದನ್ನು ಮೇಜಿನ ಮೇಲಿಟ್ಟು ಸುಮ್ಮನೆ ಹೋದದ್ದು ನನಗೆ ನೆನಪಿಲ್ಲ. ಅದು ಯಾಕೆ ಕೆಟ್ಟಿತು, ಯಾರ ಕಣ್ಣು ಬಿತ್ತು, ಸರ್ಕಾರ ಈ ವಿಷಯದಲ್ಲಿ ಎಲ್ಲಿ ಎಡವಿದೆ, ಎಲ್ಲವನ್ನೂ ನನಗೆ ತಿಳಿಹೇಳಿಯೇ ಮೆಟ್ಟಿಲಿಳಿಯುತ್ತಿದ್ದರು. ಐವತ್ತು, ಅರವತ್ತರ ದಶಕದಲ್ಲಿ ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಮನೆ ಬಂಗಾರಪೇಟೆಯಲ್ಲಿ. ಬೆಳಗ್ಗೆ ರೈಲು ಹತ್ತಿ ಹೋಗಿ ಸಾಯಂಕಾಲ ರೈಲಿನಲ್ಲೇ ಬರುತ್ತಿದ್ದೆ. ರೈಲಿನಲ್ಲೂ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಕೂತು ಶುರುಮಾಡುತ್ತಿದ್ದರು.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷ ವರ್ಷವೂ ಪೋಸ್ಟಾಫೀಸಿಗೆ ಹೋಗಿ, ಸಣ್ಣದೊಂದು ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕು. ಇದನ್ನು ನೋಡಲು ಇನ್‌ಸ್ಪೆಕ್ಟರ್ ಒಬ್ಬರು ಊರೂರು ತಿರುಗುತ್ತಿದ್ದರು. ಅವರು ಬಂದರೆಂದರೆ ರೇಡಿಯೋಗಳು ರಾಗಿ ಮೂಟೆಯ ಹಿಂದಕ್ಕೂ ಕಂಬಳಿಯ ಒಳಕ್ಕೂ ಹೋಗಿಬಿಡುತ್ತಿದ್ದವು.

ಬರೀ ಪೆಟ್ಟಿಗೆ

ಬೂದಿಕೋಟೆಯ ಕಡೆಯ ಒಬ್ಬ ಗೌಡರ ಮನೆಗೆ ಏರಿಯಲ್ ತಂತಿ ಕಟ್ಟಲು ಹೋಗಿದ್ದೆ. ನಾನು ಇನ್ನೂ ಮಾಳಿಗೆಯ ಮೇಲಿರುವಾಗಲೇ ಇನ್‌ಸ್ಪೆಕ್ಟರು ಬಂದುಬಿಟ್ಟರು. ಬಚ್ಚಿಡಲು ಸಮಯವಿರಲಿಲ್ಲ. ರೇಡಿಯೋ ಜಗಲಿಯ ಮೇಲೆ ಗಟ್ಟಿಯಾಗಿ ಮಾತಾಡುತ್ತಿತ್ತು.

ಇನ್‌ಸ್ಪೆಕ್ಟರು ಲೈಸೆನ್ಸ್ ಕೇಳಿದರು. ಗೌಡರು ಹೆದರಲಿಲ್ಲ. ಅವರನ್ನು ಕೂರಿಸಿ, ಮಜ್ಜಿಗೆ ತರಿಸಿ, ಆಮೇಲೆ ವಾದಕ್ಕಿಳಿದರು.

"ನೋಡಿ ಸ್ವಾಮಿ, ಮಾತಾಡ್ತಿರೋದು ಅದ್ರೊಳಗಿರೋನು. ನಾನು ಸುಮ್ಕೆ ಕುಂತಿವ್ನಿ. ಲೈಸೆನ್ಸು ಬೇಕಾಗಿರೋದು ಮಾತಾಡೋನ್ಗಾ, ಸುಮ್ಕಿರೋನ್ಗಾ?"

ಕೇಳುವವರಿಗೇ ಬೇಕು, ಕಾನೂನು ಇರುವುದೇ ಹಾಗೆ ಎಂದರು ಇನ್‌ಸ್ಪೆಕ್ಟರು. ಗೌಡರು ಎದ್ದು ರೇಡಿಯೋ ಆರಿಸಿಬಿಟ್ಟರು. ಈಗ ಅದು ಬರೀ ಪೆಟ್ಟಿಗೆ, ಪೆಟ್ಟಿಗೆಗೆ ಲೈಸೆನ್ಸ್ ಯಾವ ಕಾನೂನಿನಲ್ಲಿದೆ ಎಂದು ಕೇಳಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತರು. ಇನ್‌ಸ್ಪೆಕ್ಟರಿಗೂ ಹಟ ಬಂತು. ಅವರೂ ಎದುರಿಗೆ ಹಾಗೆಯೇ ಕೂತರು. ಇಬ್ಬರ ನಡುವೆ ಪೆಟ್ಟಿಗೆ. ನಾನು ಮೇಲಿಂದ ಇಳಿಯಲೋ ಬೇಡವೋ ಎಂದು ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಗೌಡರ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಯಾರ ಮುಖವನ್ನೂ ನೋಡದೆ ನೇರವಾಗಿ ಹೋಗಿ ಗುಂಡಿ ತಿರುಗಿಸಿದರು. ಗೌಡರು ಕಣ್ಣಿನಲ್ಲೇ ಬೇಡ ಬೇಡ ಎಂದರು.

"ನೀವಿಬ್ರೂ ಎದ್ದೋಗೋವರ್ಗೂ ಕಾಯಕ್ಕಾಯ್ತದಾ?" ಎಂದರು ಆಕೆ. "ದಿನಾ ಕೇಳೋ ಹಾಡು ಮುಗ್ದೋಯ್ತದೆ."

ರಿಪೇರಿಗೆ ಬಂದ ಮಳೆ

ಆ ಕಡೆಯ ಹಳ್ಳಿಗಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಬ್ಯಾಟರಿ ರೇಡಿಯೋಗಳೇ ಎಲ್ಲ. ಒಂದು ದಿನ ಒಬ್ಬ ರೈತರು ತಮ್ಮ ರೇಡಿಯೋವನ್ನು ಟವಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತಂದರು. ಏನಾಗಿದೆ ಎಂದು ಕೇಳಿದೆ. ಸುಳ್ಳು ಹೇಳುತ್ತೆ ಎಂದರು.

ವಿಚಾರ ಇಷ್ಟು. ಸಾಯಂಕಾಲ ರೈತರಿಗಾಗಿ ಬರುತ್ತಿದ್ದ ಕಾರ್ಯಕ್ರಮದಲ್ಲಿ ಮಳೆಯ ಸಮಾಚಾರ ಹೇಳುತ್ತಿದ್ದರು. ಅದನ್ನು ನಂಬಿ ಇವರು ನೆಲಗಡಲೆ ಕೀಳುವುದನ್ನು ಮುಂದಕ್ಕೆ ಹಾಕಿದ್ದರು. ಮಳೆ ಬರಲಿಲ್ಲ. ಮಾರನೆಯ ದಿನವೂ ಬರುತ್ತದೆ ಎಂದಿತು, ಬರಲಿಲ್ಲ. ಅಳಿಯನ ಊರಿನಲ್ಲಿ ಮಾತ್ರ ಚೆನ್ನಾಗಿ ಹುಯ್ದಿತ್ತಂತೆ. ಅಳಿಯನದು ಹೊಸ ರೇಡಿಯೋ. ಅಲ್ಲಿಗೆ ಅವರಿಗೆ ದೋಷ ಎಲ್ಲಿದೆ ಎಂಬುದು ಗೊತ್ತಾಗಿಹೋಗಿತ್ತು.

ರೇಡಿಯೋ ತಾನಾಗಿ ಏನೂ ಹೇಳುವುದಿಲ್ಲ, ಬೆಂಗಳೂರಿನಲ್ಲಿ ಒಬ್ಬರು ಓದಿದ್ದು ಎಲ್ಲ ರೇಡಿಯೋದಲ್ಲೂ ಒಂದೇ ತರಹ ಬರುತ್ತದೆ ಎಂದು ಹೇಳಿದೆ. ಒಪ್ಪಲಿಲ್ಲ. ಹಳೆಯ ಸಾಮಾನು ಸ್ವಲ್ಪ ತಪ್ಪಿ ಹೇಳುವುದು ಸಹಜ, ಅದಕ್ಕೆ ನಾಚಿಕೊಳ್ಳಬೇಡಿ ಎಂದು ನನಗೇ ಸಮಾಧಾನ ಮಾಡಿದರು. ಕೊನೆಗೆ ಹೇಗೂ ಸಾಯಂಕಾಲವಾಗಿತ್ತು, ಅವರ ರೇಡಿಯೋ ಪಕ್ಕದಲ್ಲೇ ನನ್ನದನ್ನೂ ಇಟ್ಟು ಎರಡನ್ನೂ ಹಾಕಿದೆ. ಎರಡೂ ಒಂದೇ ದನಿಯಲ್ಲಿ, ನಾಳೆ ಮಳೆಯಾಗುವ ಸಂಭವವಿದೆ ಎಂದವು.

ರೈತರು ಹೊರಗೆ ಬಂದು ಆಕಾಶ ನೋಡಿದರು. ಒಂದು ಚೂರು ಮೋಡವಿರಲಿಲ್ಲ. ಒಳಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

"ಅಯ್ಯೋ ಪಾಪ," ಎಂದರು. "ನಿಮ್ದೂ ಕೆಟ್ಟೋಗೈತೆ. ಮೊದ್ಲು ಅದನ್ನ ಮಾಡ್ಕೊಳ್ಳಿ, ನಂದು ನಿಧಾನಕ್ಕಾಗ್ಲಿ."

ತಟ್ಟಿಗೋಡೆಯ ಆಚೆ

ಊರಿಗಾಂನ ಗಣಿ ಕಾರ್ಮಿಕರ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಎರಡು ಮನೆಗೆ ನಡುವೆ ಒಂದೇ ಗೋಡೆ, ಅದೂ ಬಿದಿರು ತಟ್ಟಿಯದು. ಒಂದು ಮನೆಯಲ್ಲಿ ಸೀನಿದರೆ ಇನ್ನೊಂದರಲ್ಲಿ ಮುಖ ಒರೆಸಿಕೊಳ್ಳಬೇಕು. ಅಂಥ ಒಂದು ಮನೆಯಲ್ಲಿ ಗಣಿ ಕಾರ್ಮಿಕರೊಬ್ಬರು ರೇಡಿಯೋ ಕೊಂಡು, ಲೈಸೆನ್ಸನ್ನೂ ಮಾಡಿಸಿ, ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಅಷ್ಟು ನಿಯತ್ತಿನ ಮನುಷ್ಯ.

ಅವರು ಒಂದು ದಿನ ಅಂಗಡಿಗೆ ಬಂದು, ತಮಿಳು ಬೆರೆಸಿದ ಕನ್ನಡದಲ್ಲಿ ಒಂದು ಕಾನೂನು ಪ್ರಶ್ನೆ ಕೇಳಿದರು. ಲೈಸೆನ್ಸ್ ಇರುವುದು ನಮ್ಮ ಮನೆಗೆ. ಪಕ್ಕದ ಮನೆಯವರು ತಟ್ಟಿಗೆ ಕಿವಿಯಿಟ್ಟು ಎಲ್ಲ ಹಾಡೂ ಕೇಳುತ್ತಾರೆ. ಅದು ಅಪರಾಧವೋ ಅಲ್ಲವೋ? ನಾನು, ಕಿವಿಗೆ ಲೈಸೆನ್ಸ್ ಇಲ್ಲ, ಶಬ್ದ ತಗ್ಗಿಸಿಕೊಳ್ಳಿ ಎಂದೆ. ತಗ್ಗಿಸಿದರು. ಆಗ ಅವರಿಗೇ ಕೇಳಿಸಲಿಲ್ಲ. ರೇಡಿಯೋವನ್ನು ಎದುರು ಗೋಡೆಗೆ ಸಾಗಿಸಿದರು. ಆ ಕಡೆಯ ಮನೆಯವರು ಬಂದು ಕೈಮುಗಿದು, ಇಷ್ಟು ದಿನಕ್ಕೆ ನಮ್ಮ ಮೇಲೆ ದಯೆ ಬಂತಲ್ಲ ಎಂದರಂತೆ. ರೇಡಿಯೋ ಮತ್ತೆ ಮೊದಲಿನ ಜಾಗಕ್ಕೇ ಬಂತು.

ಕೆಲವು ದಿನಗಳಾದ ಮೇಲೆ ಅದೇ ರೇಡಿಯೋ ಅಂಗಡಿಗೆ ಬಂತು. ಹೊತ್ತುಕೊಂಡು ಬಂದವರು ಮಾತ್ರ ಯಜಮಾನರಲ್ಲ, ಪಕ್ಕದ ಮನೆಯವರು. ಯಜಮಾನರು ಶಿಫ್ಟಿಗೆ ಹೋಗಿದ್ದಾರೆ, ಅವರು ಬರುವುದು ತಡವಾಗುತ್ತೆ, ನಮಗೆ ಅಷ್ಟು ಹೊತ್ತು ತಡೆಯುವುದಕ್ಕಾಗುವುದಿಲ್ಲ, ಅದಕ್ಕೇ ಅವರ ಹೆಂಡತಿಯನ್ನು ಕೇಳಿ ತಂದೆ ಎಂದರು. ನಾನು ಒಳಗೆ ಸುಟ್ಟುಹೋಗಿದ್ದ ವಾಲ್ವ್ ಬದಲಾಯಿಸಿ, ಹಾಡಿಸಿ ತೋರಿಸಿದೆ. ಅವರು ಪೆಟ್ಟಿಗೆಯನ್ನು ತಿರುಗಿಸಿ ಅದರ ಬೆನ್ನಿಗೆ ಕಿವಿಯಿಟ್ಟು ಕೇಳಿದರು.

"ಮುಂದಕ್ಕೆ ಸರಿಯಾಗಿದೆ ಅಣ್ಣಾ," ಎಂದರು. "ನಮ್ಮ ಕಡೆಗೆ ಇನ್ನೂ ಸ್ವಲ್ಪ ಮಂಕಾಗಿ ಬರುತ್ತೆ. ಅದನ್ನೂ ನೋಡಿಬಿಡಿ."

ನಂದಲ್ಲ ಸ್ವಾಮಿ

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋಗೆ ಕಾಲು ಬಂತು. ಬಂಗಾರಪೇಟೆಯ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ ಒಬ್ಬ ಯಜಮಾನರಿಗೆ, ಸೈನ್ಯದಲ್ಲಿದ್ದ ಅಳಿಯ ಒಂದು ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದ. ಯಜಮಾನರು ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿ, ಹಾಡು ಹಾಡಿಸುತ್ತಲೇ ಹಾಲು ಹಾಕುತ್ತಿದ್ದರು. ಒಂದು ದಿನ ಅಳೆದು ಹಾಕಿ ಈಚೆ ಬರುವಷ್ಟರಲ್ಲಿ ಸೈಕಲ್ ಇತ್ತು, ಹಾಡು ಇರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಹಾಲಿನ ಕ್ಯಾನು ಬಡಿದ ಸದ್ದು ಬಿಟ್ಟರೆ ದಾರಿಯಲ್ಲಿ ಬೇರೆ ಸದ್ದೇ ಇಲ್ಲ ಎಂದು ನನ್ನ ಹತ್ತಿರ ಹೇಳುವಾಗ ಅವರ ಕಣ್ಣು ತುಂಬಿತ್ತು.

ಕಳ್ಳ ಅದನ್ನು ರಿಪೇರಿಗೆಂದು ತಂದದ್ದು ನನ್ನ ಅಂಗಡಿಗೇ. ಹಿಂದೊಮ್ಮೆ ಅದರ ಒಡೆದ ಗುಂಡಿಯ ಬದಲು ಬೇರೆ ಬಣ್ಣದ ಗುಂಡಿ ಹಾಕಿಕೊಟ್ಟವನೇ ನಾನು, ನೋಡಿದ ಕೂಡಲೇ ಗುರುತು ಸಿಕ್ಕಿತು. ಅವನಿಗೆ ಟೀ ಕುಡಿಸಿ ಕೂರಿಸಿಕೊಂಡು ಪೊಲೀಸರಿಗೆ ಹೇಳಿಕಳಿಸಿದೆ. ಮುಂದಿನ ತಿಂಗಳು ಕೇಸು ಕೋರ್ಟಿಗೆ ಬಂತು. ನಾನು ಸಾಕ್ಷಿ.

ಕೋರ್ಟಿನ ಜಗಲಿಯಲ್ಲಿ ಯಾರೋ ಹಾಲಿನ ಯಜಮಾನರಿಗೆ ಕಿವಿಯೂದಿದರು. ಒಳಗೆ ಲೈಸೆನ್ಸ್ ಕೇಳುತ್ತಾರೆ, ಇಲ್ಲದಿದ್ದರೆ ಕಳ್ಳನನ್ನು ಬಿಟ್ಟು ನಿಮ್ಮನ್ನು ಹಿಡಿಯುತ್ತಾರೆ ಎಂದು. ಯಜಮಾನರ ಹತ್ತಿರ ಲೈಸೆನ್ಸ್ ಇರಲಿಲ್ಲ. ಒಳಗೆ ಕರೆದಾಗ ಅವರ ಮುಖ ಬಿಳುಚಿಕೊಂಡಿತ್ತು. ಮ್ಯಾಜಿಸ್ಟ್ರೇಟರು ಟ್ರಾನ್ಸಿಸ್ಟರ್ ತೋರಿಸಿ, ಇದು ನಿಮ್ಮದೇನು ಎಂದು ಕೇಳಿದರು.

"ನಂದಲ್ಲ ಸ್ವಾಮಿ."

ಪೊಲೀಸಿನವರು ದಂಗಾದರು. ಕಟಕಟೆಯಲ್ಲಿದ್ದ ಕಳ್ಳನ ಮುಖ ಮಾತ್ರ ಅರಳಿತು. ಅವರದಲ್ಲ ಎಂದ ಮೇಲೆ ಕಳ್ಳತನವೇ ಆಗಿಲ್ಲ, ಸಿಕ್ಕಿದ್ದು ನನ್ನ ಕೈಯಲ್ಲಿ, ಆದ್ದರಿಂದ ಅದನ್ನು ನನಗೇ ಕೊಟ್ಟು ಕಳಿಸಿ ಎಂದು ಕೈಮುಗಿದ.

"ಹಾಗಾದರೆ ನಿನ್ನದೋ? ಲೈಸೆನ್ಸ್ ಎಲ್ಲಿ?" ಎಂದರು ಮ್ಯಾಜಿಸ್ಟ್ರೇಟರು.

"ನಂದೂ ಅಲ್ಲ ಸ್ವಾಮಿ," ಎಂದ ಅವನು.

ಮ್ಯಾಜಿಸ್ಟ್ರೇಟರು ನನ್ನ ಕಡೆಗೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, ನನ್ನದಂತೂ ಅಲ್ಲ ಎಂದುಬಿಟ್ಟೆ. ಅವರು ಹಾಲಿನ ಯಜಮಾನರನ್ನು ಸ್ವಲ್ಪ ಹೊತ್ತು ನೋಡಿದರು. ಯಜಮಾನರು ಟ್ರಾನ್ಸಿಸ್ಟರನ್ನೇ ನೋಡುತ್ತಿದ್ದರು, ನಂದಲ್ಲ ಎಂದ ಮೇಲೂ ಕಣ್ಣು ಕೀಳಲಾಗಿರಲಿಲ್ಲ. ಮ್ಯಾಜಿಸ್ಟ್ರೇಟರಿಗೆ ಅರ್ಥವಾಯಿತು. ಊಟದ ನಂತರ ಇನ್ನೊಮ್ಮೆ ಕೇಳುತ್ತೇನೆ, ಎದುರಿಗೇ ಪೋಸ್ಟಾಫೀಸ್ ಇದೆ, ಅಲ್ಲಿ ಕೆಲಸವಿರುವವರು ಅಷ್ಟರಲ್ಲಿ ಮುಗಿಸಿಕೊಂಡು ಬರಬಹುದು ಎಂದು ಎದ್ದರು.

ಯಜಮಾನರು ಊಟ ಮಾಡಲಿಲ್ಲ. ಮಧ್ಯಾಹ್ನ ಕೋರ್ಟು ಕೂತಾಗ ಹೊಸ ಲೈಸೆನ್ಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದು ನಂದೇ, ಬೆಳಗ್ಗೆ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ ಎಂದರು. ನಾನೂ ಧೈರ್ಯ ತಂದುಕೊಂಡು ಗುಂಡಿಯ ಗುರುತು ಹೇಳಿದೆ. ನಿನಗೆ ಹೇಳುವುದೇನಾದರೂ ಇದೆಯೇ ಎಂದು ಮ್ಯಾಜಿಸ್ಟ್ರೇಟರು ಕಳ್ಳನನ್ನು ಕೇಳಿದರು. ಅವನು ಲೈಸೆನ್ಸಿನ ಕಡೆ ಬೆರಳು ತೋರಿಸಿದ.

"ಆ ಮುದ್ರೆ ಇವತ್ತಿಂದು ಸ್ವಾಮಿ. ನಾನು ಸೈಕಲ್ಲಿಂದ ಬಿಚ್ಕೊಂಡೋಗಿದ್ದು ಓದ ತಿಂಗ್ಳು. ಇವತ್ತು ಮಧ್ಯಾಹ್ನ ಇವರ್ದಾಗಿರೋ ಸಾಮಾನ, ಓದ ತಿಂಗ್ಳೇ ನಾನೆಂಗೆ ಕದೀಲಿ?"

ಮ್ಯಾಜಿಸ್ಟ್ರೇಟರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಸುಧಾರಿಸಿಕೊಂಡು, ಮುದ್ರೆಯ ವಿಚಾರ ಹಾಗಿರಲಿ, ಸೈಕಲ್ಲಿನಿಂದ ಬಿಚ್ಚಿಕೊಂಡು ಹೋದೆ ಎಂದು ಈಗ ಹೇಳಿದೆಯಲ್ಲ, ಆ ಮಾತು ಯಾರದು ಎಂದು ಕೇಳಿದರು.

ಕಳ್ಳ ಹಿಂದೆ ಮುಂದೆ ನೋಡಿದ.

"ಅದೂ ನಂದಲ್ಲ ಸ್ವಾಮಿ," ಎಂದ.