ಬಂಡೆರಾಯನ ಡ್ರೋನ್ ಪರೀಕ್ಷೆ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಗುರುವಾರ, ಬಂಡೆರಾಯನೆಂಬುವನಿದ್ದ. ರಾಜ್ಯವಿಲ್ಲ, ಕಿರೀಟವಿಲ್ಲ, ಇಪ್ಪತ್ತಾರು ವರ್ಷ ಬೆಟ್ಟ ಹತ್ತಿ ಬಂಡೆ ತಟ್ಟಿದ ಭೂವಿಜ್ಞಾನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಅದು. ಆ ದಿನ ಡ್ರೋನ್ ತರಬೇತಿಯ ಕೊನೆಯ ಪರೀಕ್ಷೆ. ಹಾಳುಬಿದ್ದ ಕಲ್ಲುಕ್ವಾರಿಯ ಮೇಲೆ ಡ್ರೋನ್ ಹಾರಿಸಿ, ಫೋಟೋ ತೆಗೆದು, ಸಂಜೆ ಐದರೊಳಗೆ ನಕ್ಷೆ ಕೊಡುತ್ತೇನೆಂದು ಸಾಹೇಬರಿಗೆ ಮಾತು ಕೊಟ್ಟಿದ್ದ. ಫೇಲಾದವರಿಗೆ ಇನ್ನು ಬೆಟ್ಟದ ಕೆಲಸವಿಲ್ಲವೆಂದು ಕಚೇರಿಯೆಲ್ಲ ಗುಸುಗುಸು. ಬೆಟ್ಟ ಬಿಟ್ಟು ಬದುಕಲಾರದ ಬಂಡೆರಾಯ ಪಾಸಾಗಲೇಬೇಕೆಂದು ಹೊರಟಿದ್ದ.

ಡ್ರೋನ್ ಮಾತ್ರ ನೆಲ ಬಿಡಲೊಲ್ಲದು. ದಿಕ್ಸೂಚಿ ಸರಿಯಿಲ್ಲವೆಂದು ಪರದೆ ಕೆಂಪಾಯಿತು.

“ದಿಕ್ಕು ಸರಿಹೋಗೋಕೆ ಅದನ್ನ ಎತ್ಕೊಂಡು ಒಂದು ಸುತ್ತು ತಿರುಗಿ ಸಾರ್,” ಎಂದಳು ತರಬೇತಿ ಕೊಡುವ ಹುಡುಗಿ. ಅವನ ಮಗಳಿಗಿಂತ ಚಿಕ್ಕವಳು.

ಕೂಸಿನಂತೆ ಎದೆಗವುಚಿಕೊಂಡು ತಿರುಗಿದ. ಮತ್ತೆ ಕೆಂಪು.

“ಆ ಕಡೆಯಿಂದ ತಿರುಗಿ ಸಾರ್,” ಎಂದ ಜೀಪಿನ ಡ್ರೈವರ್.

“ಮೆಲ್ಲಗೆ ತಿರುಗಯ್ಯಾ, ನೀನೇನು ಮಿಕ್ಸಿನಾ?” ಬೆಳಗ್ಗೆಯೇ ತನ್ನ ಡ್ರೋನನ್ನು ಕ್ವಾರಿಯ ನೀರಿಗೆ ಕೆಡವಿ ನಿಶ್ಚಿಂತನಾಗಿದ್ದ ಸಹೋದ್ಯೋಗಿ ಕೊಡೆಯಡಿಯಿಂದ ಹೇಳಿದ.

ಹನ್ನೊಂದನೇ ಸುತ್ತಿಗೆ ಬಂಡೆರಾಯ ಸೋತ ಬುಗುರಿಯಂತೆ ವಾಲಿ ಕುಸಿದ. ಜೇಬಿನಿಂದ ಕಪ್ಪು ತುಂಡೊಂದು ಜಾರಿಬಿತ್ತು.

“ಏನ್ ಸಾರ್ ಇದು?”

“ಅಯಸ್ಕಾಂತ ಕಣಮ್ಮಾ. ಕಲ್ಲಲ್ಲಿ ಕಬ್ಬಿಣ ಇದೆಯಾ ಅಂತ ನೋಡೋಕೆ. ಯಾವಾಗ್ಲೂ ಎದೆಜೇಬಲ್ಲೇ ಇರುತ್ತೆ.”

ಹುಡುಗಿ ಹಣೆ ಚಚ್ಚಿಕೊಂಡಳು. “ಅಯ್ಯೋ ಸಾರ್! ಇದು ಪಕ್ಕದಲ್ಲಿದ್ರೆ ಡ್ರೋನಿಗೆ ದಿಕ್ಕು ಹೇಗೆ ಗೊತ್ತಾಗ್ಬೇಕು?”

“ನಂಗೇ ಗೊತ್ತಾಗ್ತಿಲ್ಲ, ಇನ್ನು ಅದಕ್ಕೆಲ್ಲಿ,” ಎಂದು ತಲೆ ಹಿಡಿದುಕೊಂಡ.

ಎರಡು ಗಂಟೆಗೆ ಡ್ರೋನ್ ಏರಿತು. ಹದ್ದೊಂದು ಬೆನ್ನಟ್ಟಿತು. ಬ್ಯಾಟರಿ ಅರ್ಧಕ್ಕೇ ಕೈಕೊಟ್ಟಿತು. ಡ್ರೈವರ್ ಸುಮ್ಮಸುಮ್ಮನೆ “ಹೋಯ್ತು, ಹೋಯ್ತು!” ಎಂದು ಕೂಗಿ ಅವನ ಜೀವ ಬಾಯಿಗೆ ತರಿಸಿದ. ಆದರೂ ಮುನ್ನೂರು ಚಿತ್ರ ಸಿಕ್ಕವು. ಕಚೇರಿಗೆ ಓಡಿ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಜೋಡಿಸಿದ. ಐದಕ್ಕೆ ಎರಡು ನಿಮಿಷವಿರುವಾಗ, ಬಿರುಕು, ಕೊರಕಲು, ನೀರು ಎಲ್ಲ ಮೂಡಿದ ನಕ್ಷೆ ಸಾಹೇಬರ ಮೇಜಿನ ಮೇಲಿತ್ತು.

“ಭೇಷ್!” ಸಾಹೇಬರು ಎದ್ದು ಕೈಕುಲುಕಿದರು. “ಹದಿನೆಂಟು ಜನರಲ್ಲಿ ಪಾಸಾದವರು ನೀವೊಬ್ರೇ ಕಣ್ರೀ. ನಾಳೆಯಿಂದ ನೆಲಮಾಳಿಗೆ ಕೋಣೆ ನಿಮ್ದು. ಹಾರಿಸೋಕೆ ಹೊರಗಿನ ಕಂಪನಿಯವರು ಬರ್ತಾರೆ. ಅವರು ಕಳಿಸಿದ ಫೋಟೋ ಜೋಡಿಸ್ತಾ ತಣ್ಣಗೆ ಕೂತಿರಿ.”

“ಮತ್ತೆ… ಬೆಟ್ಟ, ಸಾರ್?”

“ಅದಕ್ಕೆ ಫೇಲಾದವರು ಇದಾರಲ್ಲ! ಸುತ್ತಿಗೆ ಹಿಡ್ಕೊಂಡು ಹತ್ತಲಿ. ನಿಮ್ಮಂಥೋರನ್ನ ಇನ್ನು ಬಿಸಿಲಿಗೆ ಕಳಿಸೋಕಾಗುತ್ತಾ?”

ಸಾಹೇಬರು ನಕ್ಷೆಯ ಮೂಲೆಗೆ ಮೊಹರು ಒತ್ತಿದರು. ಬಂಡೆರಾಯ ಕೊಟ್ಟ ಮಾತು ಉಳಿಸಿಕೊಂಡಿದ್ದ.