ಕಿಶೋರ ಕೂಸು ತಿರುಗಿಸಿದ್ದು

"ತಿರಗಸ್ತೇನಿ ಅಂದ್ರ ತಿರಗಸ್ತೇನಿ! ನಮ್ಮ ಮನ್ಯಾಗ ಮಗ್ಗದ ಮ್ಯಾಲಿನ ಅರ್ಧ ಸೀರಿಗೆ ಯಾರೂ ಕತ್ತರಿ ಹಾಕಿಲ್ಲ. ನನ್ನ ಹೆಂಡ್ತಿಗೆ ಹಾಕಾಕ ಬಿಡ್ತೇನೇನು?"

ಬೆಟಗೇರಿಯ ಕಿಶೋರ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಹೀಗೆ ಘೋಷಿಸಿದಾಗ ಓಣಿಯ ಅರ್ಧ ಮಗ್ಗಗಳು ಸದ್ದು ನಿಲ್ಲಿಸಿ ಕೇಳಿಸಿಕೊಂಡವು. ಅವನು ತಿರುಗಿಸಲು ಹೊರಟದ್ದು ಹೆಂಡತಿ ರೋಹಿಣಿಯ ಹೊಟ್ಟೆಯಲ್ಲಿದ್ದ ಕೂಸನ್ನು!

ರೋಹಿಣಿಗೆ ದಿನ ತುಂಬುತ್ತಾ ಬಂದಿತ್ತು. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿದ್ದರಿಂದ ಈ ಸಲ ಮನೆಯವರೆಲ್ಲ ಉಸಿರು ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದರು. ಮುಂಡರಗಿಯ ತವರಿಗೆ ಹೋಗಬೇಕಾದವಳನ್ನು ಡಾಕ್ಟರಮ್ಮ ಬಸ್ಸು ಹತ್ತಬೇಡ ಎಂದು ತಡೆದಿದ್ದರು. ಈಗ ಸ್ಕ್ಯಾನಿಂಗ್ ಮಾಡಿ ನೋಡಿದರೆ ಕೂಸಿನ ತಲೆ ಮೇಲೆ, ಕುಂಡಿ ಕೆಳಗೆ!

"ದಿನಾ ಸ್ವಲ್ಪ ಹೊತ್ತು ಕೈ, ಮೊಣಕಾಲು ಊರಿ ಇರವ್ವಾ," ಎಂದಿದ್ದರು ಡಾಕ್ಟರಮ್ಮ. "ಎಷ್ಟೋ ಕೂಸು ತಾವ ತಿರಗತಾವು. ಶುಕ್ರವಾರ ಬರ್ರಿ, ತಿರಗಿರದಿದ್ರ ನಾನ ಕೈಲೆ ತಿರಗಿಸಿ ನೋಡ್ತೇನಿ. ಅದೂ ಆಗದಿದ್ರ ಆಪರೇಷನ್. ಮನ್ಯಾಗ ಬ್ಯಾರೆ ಏನೂ ಮಾಡಾಕ ಹೋಗಬ್ಯಾಡ್ರಿ."

ಇಷ್ಟು ಮಾತಿನಲ್ಲಿ ಕಿಶೋರನ ಕಿವಿಗೆ ಬಿದ್ದದ್ದು ಒಂದೇ ಒಂದು: ಆಪರೇಷನ್.

ಸೋಮವಾರ ಅವನು ಸೀರೆ ಕೊಡಲು ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿ ಸೀರೆ ಅಂಗಡಿಯ ಚನ್ನಬಸವಣ್ಣ ಎಂಬ ಮಹಾವೈದ್ಯರು, ಅಂದರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾತ್ರ ವೈದ್ಯರು, ಗುಟ್ಟೊಂದನ್ನು ಉಪದೇಶಿಸಿದರು. "ಮಂಚದ ಕಾಲಕಡಿ ಎತ್ತರ ಮಾಡಿ ಮಲಗಸೋ. ಕೂಸಿನ ತಲಿ ಭಾರ ಇರತೈತಿ. ತಾನ ತಿರಗತೈತಿ!"

ಮಂಗಳವಾರವೆಲ್ಲ ಕಿಶೋರ ತಯಾರಿ ನಡೆಸಿದ. ಬುಧವಾರ ಮಧ್ಯಾಹ್ನ ಮಂಚವನ್ನು ಮಗ್ಗದ ಕೋಣೆಗೆ ಎಳೆದ. ಇದ್ದ ಜಾಗ ಅದೊಂದೇ, ಅದೂ ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿಯ ಪಕ್ಕದಲ್ಲಿ. ತಾಯಿ ಯಮನವ್ವ ಮಂಚದ ಕಾಲಡಿ ಇಡಲು ಹಿತ್ತಲಿನಿಂದ ಇಟ್ಟಿಗೆ ಹೊತ್ತು ತಂದಳು.

"ಇಟ್ಟಂಗಿ ಎಲ್ಲಾರ ಮನ್ಯಾಗೂ ಇರತಾವು ಬೇ!" ಎಂದು ಕಿಶೋರ ಅವನ್ನು ಬದಿಗೆ ತಳ್ಳಿದ. " ನಮ್ಮಜ್ಜನ ಮಗ್ಗದ ದಿಂಡು ಇಟ್ರ ಕೂಸಿಗೆ ತಾ ನೇಕಾರರ ಮನಿದು ಅಂತ ಗೊತ್ತಾಗತೈತಿ!"

ದಿಂಡು ಎಂದರೆ ಹಾಸಿನ ನೂಲು ಸುತ್ತುವ ಮರ. ಸುತ್ತಲೆಂದೇ ಅದನ್ನು ದುಂಡಗೆ ಮಾಡಿರುತ್ತಾರೆ. ಹುಟ್ಟಿದಾಗಿನಿಂದ ಅದನ್ನು ತಿರುಗಿಸುತ್ತಲೇ ಬಂದ ಕಿಶೋರನಿಗೆ ಆ ಹೊತ್ತಿನಲ್ಲಿ ಅದು ದುಂಡಗಿದೆ ಎಂಬುದೇ ಮರೆತುಹೋಗಿತ್ತು!

"ಉರುಳತೈತಲೋ ಹುಚ್ಚಾ!" ಎಂದಳು ಯಮನವ್ವ.

"ಹಗ್ಗ ಕಟ್ಟೇನಿ. ನೀ ಸುಮ್ನಿರು."

ರೋಹಿಣಿ ಮಂಚದ ಅಂಚು ಹಿಡಿದು ನಿಂತಿದ್ದಳು. "ರೀ, ಒಂದು ಮಾತು ಕೇಳ್ರಿ. ನನ್ನ ಹೊಟ್ಟಿಯಾಗ..."

"ಮಾತಾಡಬ್ಯಾಡ! ಮಾತಾಡಿದ್ರ ಹೊಟ್ಟಿ ಅಲ್ಲಾಡತೈತಿ. ಮಲಕ್ಕೋ."

ಅವಳು ಮಲಗಿದಳು. ಕಾಲು ಮೇಲೆ, ತಲೆ ಕೆಳಗೆ. ಕಿಶೋರ ಬಾಗಿಲಿಗೆ ಹೋಗಿ ಓಣಿಯವರನ್ನು ಕರೆದು, ಪ್ರದರ್ಶನಕ್ಕೆ ಇಟ್ಟವನಂತೆ ತೋರಿಸಿದ. ಜನ ತಲೆದೂಗಿದರು. ಉಬ್ಬಿಹೋದವನಿಗೆ ಇನ್ನಷ್ಟು ಎತ್ತರವಾದರೆ ಇನ್ನೂ ಜಲ್ದಿ ತಿರುಗೀತು ಅನ್ನಿಸಿ, ದಿಂಡನ್ನು ಒಳಕ್ಕೆ ಒದ್ದ.

ಹಗ್ಗ ಹರಿಯಿತು. ದಿಂಡು ಉರುಳಿತು. ಮಂಚ ಧಡ್ಡನೆ ಬಿದ್ದು ವಾಲಿತು. ರೋಹಿಣಿ ಹೊಟ್ಟೆ ಅಡಿಯಾಗಿ ಮಗ್ಗದ ಕುಣಿಗೆ ಬಿದ್ದಳು.

ಮೇಲಕ್ಕೆತ್ತಿದಾಗ ಅವಳ ಸೀರೆ ರಕ್ತದಲ್ಲಿ ತೊಯ್ದಿತ್ತು. ಓಣಿಯವರು ಒಬ್ಬೊಬ್ಬರೇ ಹಿಂದೆ ಸರಿದರು.

ಪಕ್ಕದ ಮನೆಯ ಅಶ್ಫಾಕ ಆಟೋ ತಂದ. ಗದಗಿನ ದಾರಿಯುದ್ದಕ್ಕೂ ರೋಹಿಣಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಇದ್ದಳು. "ಒದಿಯೋದು ನಿಂತೈತ್ರಿ," ಎಂದಳು ಒಮ್ಮೆ. ಹಿಂದಿನ ವರ್ಷವೂ ಅವಳು ಇದೇ ಮಾತು ಹೇಳಿದ್ದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಕತ್ತರಿ ಬೇಡವೆಂದವನು ಹೊರಗೆ ನಿಂತು, ಒಳಗೆ ಕತ್ತರಿ ಬೇಗ ಬೇಗ ನಡೆಯಲಪ್ಪಾ ಎಂದು ವೀರನಾರಾಯಣನಿಗೆ ಕೈ ಮುಗಿಯುತ್ತಿದ್ದ!

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. "ಹೆಣ್ಣು ಕೂಸು. ಗಾಜಿನ ಪೆಟ್ಟಿಗಿಯೊಳಗ ಇಟ್ಟೇವಿ. ಉಸಿರು ಐತಿ, ಇವತ್ತೊಂದು ದಿನ ದಾಟಬೇಕು. ಬಿದ್ದ ಪೆಟ್ಟಿಗೆ ಮಾಸು ಗರ್ಭಚೀಲ ಬಿಟ್ಟು ಕಿತ್ತಿತ್ತು. ಇನ್ನೊಂದಿಷ್ಟು ತಡಾ ಆಗಿದ್ರ ಇಬ್ರೂ ಉಳೀತಿದ್ದಿಲ್ಲ."

ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಸೇರಿಸಿದರು. "ಕೂಸಿನ ತಲಿ ಕೆಳಗ ಇತ್ತು. ಬರೋಬರಿ ತಿರಗಿತ್ತು. ಬೀಳದ ಇದ್ದಿದ್ರ ಆಪರೇಷನ್ ಬೇಕಾಗತಿದ್ದಿಲ್ಲ."

ಎಂಥ ಪ್ರಾಣಿ ನೋಡಿ ಗಂಡಸು! ಅಷ್ಟು ಕೇಳಿಯೂ ಕಿಶೋರನ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಹೆಮ್ಮೆ ಎದ್ದು ಕೂತಿತು. ಮರುದಿನ, ಕೂಸು ಉಳಿಯುತ್ತದೆ ಎಂದು ನರ್ಸ್ ಹೇಳಿದ ಮೇಲಂತೂ ಅದನ್ನು ಬಚ್ಚಿಡಲು ಆಗಲೇ ಇಲ್ಲ. ಹೊಲಿಗೆಯ ನೋವಿನಲ್ಲಿ ಮಲಗಿದ್ದ ರೋಹಿಣಿಯ ಪಕ್ಕ ಕುಕ್ಕರಿಸಿ ಪಿಸುಗುಟ್ಟಿದ.

"ತಪ್ಪಾತು, ಖರೆ. ಆದ್ರೂ ತಿರಗಿತ್ತಂತ ನೋಡು!"

ರೋಹಿಣಿ ಅವನ ಕಡೆ ತಿರುಗಲಿಲ್ಲ.

"ಸೋಮವಾರನ ತಿರಗಿತ್ರಿ. ಒದಿಯೋದು ಎದಿ ಕೆಳಗ ಬಂದಿತ್ತು. ಹೇಳಾಕ ಬಂದ್ರ ಮಾತಾಡಬ್ಯಾಡ ಅಂದ್ರಿ."

"ಸೋಮವಾರನ? ಅವತ್ತ ಏನ ಮಾಡಿದ್ದಿ?"

"ನಾ ಏನೂ ಮಾಡ್ಲಿಲ್ರಿ. ಅವತ್ತ ನೀವು ಮನ್ಯಾಗ ಇರಲಿಲ್ಲ."